ಸೊನ್ನೆ ಬಿಂದು ನಾಲ್ಕು

ಹತ್ತು ಚದರ ಮಿಲಿಮೀಟರ್, ಅನ್ನುತ್ತಾನೆ ವಿಲ್ಫ್,
ಮೆಟ್ಟಿಲ ಬುಡದಲ್ಲಿ ನಿಂತು, ಮೂರನೇ ಸಲ.
ಮೊಣಕಾಲು ಮೇಲಕ್ಕೆ ಬಿಡುವುದಿಲ್ಲ; ದನಿ ಹತ್ತಿ ಬರುತ್ತದೆ.
ನಾನೇ ಎಳೆದದ್ದು. ಈಗಿನವರು ಇಂಥ ತಂತಿ ಹಾಕುತ್ತಾರೇನು?

ಹಾಕುತ್ತೇವೆ, ಅಂದೆ. ಕೇಳಿಸಲಿಲ್ಲವೋ ಏನೋ.

ಗ್ರಿಮ್ಸ್‌ಬಿಯ ಈ ಸಾಲುಮನೆಯಲ್ಲಿ
ಸ್ನಾನ ಕೆಳಗಿಳಿದಿದೆ, ಅವನ ಮೊಣಕಾಲ ಜೊತೆಗೆ.
ಮೇಲಿನ ಬಚ್ಚಲು ಈಗ ಹಿಲ್ಡಾಳ ಹೆಣಿಗೆಯ ಕೋಣೆ:
ಟೈಲ್ಸಿನ ಮೇಲೆ ಬಣ್ಣ, ಕಿಟಕಿಯಲ್ಲಿ ಮೀನುಬಂದರಿನ ವಾಸನೆ,
ಷವರ್ ಇದ್ದ ಕಡೆ ನಾಲ್ಕು ತೂತು,
ನಡುವೆ ನಾಲಗೆ ಚಾಚಿದ ಹಳೆಯ ಕೇಬಲ್,
ಕೆಂಪು, ಕಪ್ಪು. ಈಗಿನದು ಕಂದು, ನೀಲಿ.
ಅವಳಿಗೆ ಬೇಕಾದ್ದು ಎರಡು ಸಾಕೆಟ್ಟು,
ಹೆಣಿಗೆ ಯಂತ್ರಕ್ಕೊಂದು, ಕಾಲ ಬಳಿಯ ಹೀಟರಿಗೊಂದು.
ಇದ್ದದ್ದನ್ನೇ ಬಳಸಬಹುದಲ್ಲ? ನಿಯಮ ಒಪ್ಪುತ್ತದಲ್ಲ?

ನಿಯಮ ಹಳೆಯದನ್ನು ಬೈಯುವುದಿಲ್ಲ, ಹಿಲ್ಡಾ.
ವಯಸ್ಸು ಕೇಳುವುದಿಲ್ಲ, ಯಾರು ಎಳೆದರೆಂದೂ.
ಎಷ್ಟು ಹೊರುತ್ತೀ, ತಪ್ಪಾದರೆ ಎಷ್ಟು ಬೇಗ ಕೈಬಿಡುತ್ತೀ,
ಅಷ್ಟೇ ಕೇಳುತ್ತದೆ.
ನಲವತ್ತೈದು ಆಂಪಿಯರಿನ ಕಾವಲುಗಾರ ಷವರಿಗೆ ಸರಿ;
ಸಾಕೆಟ್ಟಿಗೆ ಅವನು ತೀರಾ ಸಹನಶೀಲ,
ಕರಗುವವರೆಗೂ ಸುಮ್ಮನಿರುತ್ತಾನೆ.
ಅವನ ಜಾಗಕ್ಕೆ ಸಿಡುಕನೊಬ್ಬ ಬೇಕು, ಇಪ್ಪತ್ತರವನು,
ಜೊತೆಗೆ ಮೂವತ್ತು ಮಿಲಿಆಂಪಿಯರ್ ಸೋರಿದರೂ
ರೆಪ್ಪೆ ಬಡಿಯುವಷ್ಟರಲ್ಲಿ ಬಾಗಿಲು ಹಾಕುವ ಆರ್‌ಸಿಡಿ.
ಇಷ್ಟಾದರೆ ದಪ್ಪ ತಂತಿ ತೆಳು ಕೆಲಸ ಮಾಡಬಹುದು,
ಎತ್ತಿಗೆ ಕೈಗಾಡಿ ಕಟ್ಟಿದ ಹಾಗೆ. ತಪ್ಪೇನಲ್ಲ.

ಆಮೇಲೆ ಮೀಟರು.
ಹೊದಿಕೆ ಗಟ್ಟಿ; ಐನೂರು ವೋಲ್ಟಿಗೂ ಬೆವರಲಿಲ್ಲ.
ಹೋಗಿಬರುವ ದಾರಿ ಅಳೆದಾಗ ಮಾತ್ರ
ಹದಿನೆಂಟು ಮೀಟರಿಗೆ ಸೊನ್ನೆ ಬಿಂದು ಒಂದರ ಆಸುಪಾಸು ಇರಬೇಕಾದ್ದು
ಬಂದದ್ದು ಸೊನ್ನೆ ಬಿಂದು ನಾಲ್ಕು.
ಕ್ಲಿಪ್ಪು ಉಜ್ಜಿ ಮತ್ತೆ ಹಚ್ಚಿದೆ. ನಾಲ್ಕೇ.
ಆ ಮೂರು ಎಲ್ಲೋ ಕೂತಿದೆ, ಯಾರಿಗೂ ಹೇಳದೆ.

ಕೋಣೆಯಾಚೆಯ ಮೂರನೇ ಹಲಗೆ ಎಬ್ಬಿಸಿದೆ.
ಕೆಳಗೆ ಧೂಳು, ಒಂದು ಗೋಲಿ, ತಂಬಾಕಿನ ತಗಡು ಡಬ್ಬಿ.
ಡಬ್ಬಿಗೆ ಎರಡೂ ಪಕ್ಕ ತೂತು ಕೊರೆದು
ಒಳಗೆ ತುಂಡಿಗೆ ತುಂಡು, ಪುಟ್ಟ ತಿರುಪು, ಸುತ್ತಿದ ಟೇಪು
ಚಹಾ ಬಣ್ಣಕ್ಕೆ ತಿರುಗಿ, ಮುಟ್ಟಿದರೆ ಹುಡಿ.

ನಾನು ಏನೂ ಕೂಗಿರಲಿಲ್ಲ.
ಹಲಗೆ ಎದ್ದ ಸದ್ದಿಗೇ ಕೆಳಗಿನಿಂದ ಬಂತು:
"ಸಿಕ್ಕಿತಾ?"

ಎರಡು ಮೀಟರ್ ಸಾಲದೆ ಬಂದಿತ್ತಂತೆ.
ಶನಿವಾರ ಸಂಜೆ, ಅಂಗಡಿ ಮುಚ್ಚಿತ್ತು.
ಬೆಳಗಾದರೆ ಮಗಳ ನಾಮಕರಣ, ಮನೆ ತುಂಬ ಹಿಲ್ಡಾಳ ಕಡೆಯವರು;
ಬಿಸಿನೀರು ಬಿಟ್ಟು ತೋರಿಸದೆ ಹೇಗೆ?
ಸೋಮವಾರ ಸರಿ ಮಾಡುವವನಿದ್ದೆ, ಅಂದ.

ಯಾವ ಸೋಮವಾರ ಎಂದು ಅವಳು ಕೇಳಲಿಲ್ಲ.
ಮೂವತ್ತಮೂರು ವರ್ಷ ಸೋಪಿನ ನೊರೆಯಲ್ಲಿ ಕಣ್ಣು ಮುಚ್ಚಿ ನಿಂತವಳು
ಬಗ್ಗಿ ನೋಡಿದಳು, ಬಹಳ ಹೊತ್ತು.
ಈ ಡಬ್ಬಿ ನಾನೇ ಎಸೆದೆ ಅಂತ
ಒಂದು ವಾರ ಮಾತು ಬಿಟ್ಟಿದ್ದ, ಅಂದಳು.

ಕೈಗೆಟುಕದ ಕಡೆ ತಿರುಪಿನ ಗಂಟು ಕೂಡದು. ಅದು ನಿಯಮ.
ಕತ್ತರಿಸಿದೆ. ಎಂದೂ ಸಡಿಲವಾಗದ ಪೆಟ್ಟಿಗೆಯೊಂದನ್ನು ಕೂರಿಸಿ
ಅಲ್ಲಿಂದಾಚೆಗೆ ತೆಳು ಹೊಸ ತಂತಿ, ಕಂದು, ನೀಲಿ.
ಈಗ ಸೊನ್ನೆ ಬಿಂದು ಒಂದು ನಾಲ್ಕು.
ನಾಲ್ಕು ಇನ್ನೂ ಇದೆ; ಒಂದು ಮನೆ ಆಚೆ ಸರಿದಿದೆ.

ಫ್ಯೂಸ್ ಬೋರ್ಡಿನಲ್ಲಿ ವಿಲ್ಫನ ದಪ್ಪ ಅಕ್ಷರದ ಷವರ್
ಉಗುರಿಗೆ ಏಳಲಿಲ್ಲ. ಅದರ ಮೇಲೇ ಚೀಟಿ ಅಂಟಿಸಿದೆ: ಹೆಣಿಗೆ.

ಹೊರಡುವಾಗ ಕೈ ಚಾಚಿದ, ಡಬ್ಬಿ ಕೊಟ್ಟೆ.
ಮೂಸಿ ನೋಡಿ ಮುಚ್ಚಳ ಒತ್ತಿದ.
ಕೂರಲಿಲ್ಲ. ಮತ್ತೆ ಒತ್ತಿದ.