ಬೇಡ ಎನ್ನುವ ಗುಂಡಿ

ನಿಲ್ಲು ತಮ್ಮಾ, ಅವಸರ ಮಾಡಬೇಡ.
ಕಾರ್ಡು ಒಳಗೆ ಹೋಯಿತಲ್ಲ, ಹೋಗಲಿ,
ಅದನ್ನು ನುಂಗುವುದಿಲ್ಲ ಈ ಯಂತ್ರ.
ನುಂಗುವುದು ಬೇರೆ.

ನಾನು ತ್ಸಿಯಾಲಾ. ನನ್ನ ಇಟಾಲಿಯನ್ ಕೇಳಿ ನಗಬೇಡ,
ನಿನ್ನದೂ ಅಷ್ಟಕ್ಕಷ್ಟೇ.
ಕುಟಾಯಿಸಿಯ ಹಸಿರು ಬಜಾರಿನ ಈ ಗೋಡೆಗೆ
ಬೆನ್ನು ಕೊಟ್ಟು ಆರು ವರ್ಷವಾಯಿತು.
ದಾರಕ್ಕೆ ಅಕ್ರೋಟು ಪೋಣಿಸಿ, ದ್ರಾಕ್ಷಿಗಂಜಿಯಲ್ಲಿ ಅದ್ದಿ ಅದ್ದಿ
ತೂಗುಹಾಕುತ್ತೇನೆ. ದೂರದಿಂದ ಬಂದವರಿಗೆ ಮೇಣದಬತ್ತಿ.
ನಿನ್ನೆ ಒಬ್ಬ ಜರ್ಮನಿಯವನು
ಬತ್ತಿ ಎಷ್ಟು ಹೊತ್ತು ಉರಿಯುತ್ತದೆ ಎಂದು ಕೇಳಿದ.

ಈ ಯಂತ್ರದ ಇಂಗ್ಲಿಷು ನನಗೆ ಬಾರದು,
ಬಣ್ಣ ಬರುತ್ತದೆ, ಜಾಗ ಬರುತ್ತದೆ.
ಮೊದಲು ಭಾಷೆ. ಆಮೇಲೆ ಗುಟ್ಟಿನ ನಾಲ್ಕು ಅಂಕಿ,
ಆಗ ನಾನು ನದಿಯ ಕಡೆ ತಿರುಗುತ್ತೇನೆ.
ಆಮೇಲೆ ಎಷ್ಟು ಲಾರಿ ಎಂದು. ನಮ್ಮ ದುಡ್ಡಿನ ಹೆಸರು ಲಾರಿ.
ಆಮೇಲೆ, ನೋಡು, ಬಂತು,
ಬಲು ವಿನಯದ ಪ್ರಶ್ನೆ:
ನಿಮ್ಮೂರ ದುಡ್ಡಿನಲ್ಲೇ ಲೆಕ್ಕ ಹಾಕಿ ಕೊಡಲೇ?
ಇಗೋ ದರ, ಇಗೋ ಮೊತ್ತ, ಎಲ್ಲ ಖಚಿತ.
ಹೌದು ಎನ್ನಲಿಕ್ಕೆ ಅಂಗೈಯಗಲ ಹಸಿರು.
ಬೇಡ ಎನ್ನುವುದು ಮೂಲೆಯಲ್ಲಿ, ಬೂದಿ ಬಣ್ಣ.

ಆ ವಿನಯ ನನಗೆ ಹಳೆಯ ಪರಿಚಯ.
ಬೊಲೋನ್ಯಾದಲ್ಲಿ ಹನ್ನೆರಡು ವರ್ಷ
ಮುದುಕಿಯೊಬ್ಬಳ ಕಾಲು ತೊಳೆದೆ, ಮಾತ್ರೆ ಎಣಿಸಿದೆ.
ಅವಳ ಮಗಳು ಕೋಟು ಹಾಕಿಕೊಳ್ಳುತ್ತಲೇ ಕೇಳುತ್ತಿದ್ದಳು:
ಈ ಭಾನುವಾರವೂ ಇರುತ್ತೀಯಲ್ಲಾ, ತ್ಸಿಯಾಲಾ?
ಈಸ್ಟರಿಗೆ ಊರಿಗೆ ಹೋಗದಿದ್ದರೆ ನಡೆಯುತ್ತದಲ್ಲಾ?
ನಡೆಯುತ್ತದೆ, ಅಂದೆ. ಹೂಂ, ಅಂದೆ.
ಬೇಡ ಎಂದರೆ ಎಲ್ಲವೂ ರದ್ದಾಗುತ್ತದೆ ಅಂದುಕೊಂಡಿದ್ದೆ.

ಅಣ್ಣ ಗುರಾಮ್ ತೀರಿಕೊಂಡಾಗ ಬಂದೆ,
ಕೈಚೀಲದಲ್ಲಿ ಇಟಲಿಯ ಕಾರ್ಡು.
ಒಟ್ಟಿಗೆ ತೆಗೆದರೆ ಕಳೆದೀತು, ಕರಗೀತು ಎಂಬ ಜಾಣತನ:
ದಿನಕ್ಕೆ ನಲವತ್ತು ಲಾರಿ, ಹನ್ನೊಂದು ದಿನ.
ಹನಿ ಹನಿ ಕೂಡಿದರೆ ಹಳ್ಳ, ನಿಜ.
ಹನಿ ನನ್ನದು. ಹಳ್ಳ ಬ್ಯಾಂಕಿನದು.
ಪ್ರತಿ ಸಲವೂ ಅಲ್ಲಿಯ ಬ್ಯಾಂಕು ಐದು ಯೂರೋ ಕಚ್ಚಿತು,
ಇಲ್ಲಿಯದು ತನ್ನ ಪಾಲು ಕಚ್ಚಿತು,
ಹಸಿರು ಗುಂಡಿಯ ದರದಲ್ಲಿ ಮತ್ತೊಂದು ಚೂರು ಹೋಯಿತು,
ಅದಕ್ಕೆ ಹಲ್ಲಿನ ಗುರುತೂ ಇಲ್ಲ.

ಕಲ್ಲು ಕೆತ್ತುವ ಜುಂಬೆರನ ಲೆಕ್ಕ ಅಕ್ಷರಕ್ಕಿಷ್ಟು.
ಗುರಾಮ್ ಸರಿಯಾಗಿ ಬಂತು. ಮನೆತನ ಚಿರಾಕಾಡ್ಜೆ,
ಚಿರಾಕಾ ಎಂಬಲ್ಲಿಗೆ ನನ್ನ ದುಡ್ಡು ನಿಂತಿತು.
ಉಳಿದದ್ದು ನಮ್ಮ ಲಿಪಿಯ ಎರಡೇ ಅಕ್ಷರ.
ಡ್ಜೆ. ನಮ್ಮ ಹಳೆಯ ಮಾತಿನಲ್ಲಿ ಹಾಗೆಂದರೆ ಮಗ.
ಆಮೇಲೆ ಕೆತ್ತಿಸಬಹುದಿತ್ತು, ದುಡ್ಡೂ ಇತ್ತು,
ಅಷ್ಟರಲ್ಲಿ ಜುಂಬೆರ್ ಪೋಲೆಂಡಿಗೆ ಹೋದ.
ಬೇರೆಯವನ ಉಳಿ ಹೊಂದುವುದಿಲ್ಲ.
ಬಿಟ್ಟ ಜಾಗದಲ್ಲಿ ಈಗ ಪಾಚಿ.

ಅದಕ್ಕೇ ಹೇಳುತ್ತೇನೆ, ಕೇಳು:
ಎಷ್ಟು ದಿನ ಇರುತ್ತೀಯೋ ಅಷ್ಟಕ್ಕೂ ಒಂದೇ ಸಲ ತೆಗೆ,
ಅರ್ಧ ಒಳಜೇಬಿಗೆ, ಅರ್ಧ ಕಾಲುಚೀಲಕ್ಕೆ.
ಶುಲ್ಕ ಇಷ್ಟು ಎಂದು ಯಂತ್ರ ಮೊದಲೇ ಒದರಿದರೆ
ರದ್ದು ಮಾಡಿ ಸೇತುವೆ ದಾಟು, ಅಲ್ಲಿ ಇನ್ನೆರಡು ಇವೆ.
ಹೊರಡುವ ಮುಂಚೆಯೇ ನಿನ್ನ ಬ್ಯಾಂಕನ್ನು ಕೇಳಬೇಕಿತ್ತು,
ಕೇಳಿಲ್ಲ, ಮುಖ ನೋಡಿದರೇ ಗೊತ್ತಾಗುತ್ತದೆ.
ಇನ್ನು ಆ ವಿನಯದ ಪ್ರಶ್ನೆಗೆ

ಗುಂಡಿ ಒತ್ತಲು ಬೆರಳು ಸಾಕು,
ಬೇಡ ಎನ್ನಲು ಗುಂಡಿಗೆ ಬೇಕು.

ಒತ್ತು. ಅದಲ್ಲ, ಬೂದಿ ಬಣ್ಣದ್ದು.
ಹಾಂ.
ಕೇಳಿಸಿತಾ, ಒಳಗೆ ನೋಟು ಎಣಿಸುವ ಸದ್ದು?
ಬೇಡ ಎಂದರೂ ಕೊಡುತ್ತದೆ ಅದು.
ಬೇಡ ಎಂದರೂ ಕೊಡುತ್ತದೆ!
ಇದೊಂದನ್ನು ಯಾರೂ ಹೇಳಲಿಲ್ಲ ನನಗೆ
ಹನ್ನೆರಡು ವರ್ಷ.

ಎಣಿಸಿಕೋ. ಕಾರ್ಡು ಮರೆಯಬೇಡ.
ಒಂದು ಮಾಲೆ ತೆಗೆದುಕೋ, ಐದೇ ಲಾರಿ, ಅಕ್ರೋಟು ಈ ವರ್ಷದ್ದು.
ನೂರರ ನೋಟಾ? ಬೆಳಗ್ಗೆ ಬೆಳಗ್ಗೆ ಚಿಲ್ಲರೆ ಎಲ್ಲಿಂದ ತರಲಿ,
ಇರು, ಮೀನಿನವಳ ಹತ್ತಿರ ಕೇಳುತ್ತೇನೆ.
ಏನು?
ಬೇಡವಾ?

ಎಷ್ಟು ಬೇಗ ಕಲಿತೆಯಪ್ಪ ನೀನು.