ಅರ್ಕಾವೊತ್ತು

ತೀನ್ ಕಂದೀಲಿನ ಹಿಂದಿನ ಗಲ್ಲಿಗೆ
ಛತ್ರಿ ಮಡಚುತ್ತ ಬಂದರು ವನಮಾಲಾ ಮೇಡಂ:
"ಲಾರ್ಕ್ ಶಿಶುವಿಹಾರ. ಆರಡಿ, ಮೂರಡಿ. ನೀಲಿ ಮ್ಯಾಲ ಹಳದಿ.
ಮೂಲ್ಯಾಗ ಒಂದು ಹಕ್ಕಿ ಇರ್ಲಿ. ಸೋಮವಾರ ಬೇಕು."
ಮುಂಗಡ ನೂರೈವತ್ತು.

ಅಬ್ಬಾ ತಲೆಯಾಡಿಸಿದ.
ಅವರು ಬೀದಿ ತಿರುಗುವ ತನಕ ತಡೆದು ಕೇಳಿದ:
"ಲಾರ್ಕ್ ಅಂದ್ರ ಎಂಥಾ ಹಕ್ಕಿ, ಬೇಟಿ?"

ನನಗಾಗ ಏಳನೇ ಕ್ಲಾಸು.
ಟರ್ಪೆಂಟೈನ್ ಕುಡಿದು ಉಬ್ಬಿದ ಡಿಕ್ಷನರಿ;
ಎ, ಬಿ, ಸಿ ಇಲಿಯ ಪಾಲಾಗಿ ಎಲ್ ಉಳಿದಿತ್ತು ಪುಣ್ಯಕ್ಕೆ.
ಒಂದು: ಬಾನಾಡಿ, ನೆಲಗುಬ್ಬಿ, ಹಾಡುವ ಹಕ್ಕಿ.
ಎರಡು: ಚೇಷ್ಟೆ, ಮೋಜು, ಹುಡುಗಾಟ.

"ಯಾವುದನ್ನ ಬರೀಲಿ ಈಗ?"
ನಗಬೇಡಿ, ಅವನಿಗೆ ನಿಜಕ್ಕೂ ದಿಗಿಲು.
ಹಿಂದೊಮ್ಮೆ ದಂತವೈದ್ಯರ ಬೋರ್ಡಿಗೆ
ಆನೆ ಬರೆದು ಕೂಲಿ ಕಳಕೊಂಡವನು.

"ಇನ್ನೊಮ್ಮೆ ಓದು."
ಓದಿದೆ.
ನೆಲಗುಬ್ಬಿ ಎಂಬಲ್ಲಿ ಕುಂಚ ಕೆಳಗಿಟ್ಟ.

"ಮಾನ್ವಿ ಕಡೆ ಎರಿ ಹೊಲ. ಅಮ್ಮೀ ಹತ್ತಿ ಬಿಡಸಾಕ ಹೋದ್ರ
ನಾವು ಬದುವಿನ ಮ್ಯಾಲ.
ಬೂದಿ ತಲಿ, ಕರೀ ಎದಿ, ಅಂಗೈಯಾಗ ಹಿಡಿಯೋ ಅಷ್ಟು ಜೀವ.
ಸೀಟಿ ಹೊಡಕೋತ ಮೆಟ್ಟಲಾ ಮೆಟ್ಟಲಾ ಏರತಿತ್ತು,
ಅಲ್ಲಿ ರೆಕ್ಕಿ ಮುಚ್ಚಿ
ಕಲ್ಲು ಬಿದ್ದಂಗ ಬೀಳತಿತ್ತು.
ಸತ್ತೇ ಹೋತು ಅಂತ ಓಡತಿದ್ವಿ.
ನೆಲಕ್ಕ ಒಂದು ಗೇಣು ಐತಿ ಅನ್ನೂದ್ರಾಗ, ಮತ್ತ ಮ್ಯಾಲ!
ದಿನಾ ಓಡತಿದ್ವಿ. ದಿನಾ ಮೋಸ."

ಒಬ್ಬನೇ ನಕ್ಕ, ಬಹಳ ಹೊತ್ತು.
"ಎರಡು ಅರ್ಥ ಎಲ್ಲೈತಿ? ಬಾನಾಡಿ ಅಂತೀರಿ ನೀವು ಕನ್ನಡದಾಗ,
ಅದರೊಳಗ ಆಡೂದು ಕುಂತೈತಿ."

ಉರ್ದು ಶಾಲೆಯಲ್ಲಿ ಮೂರನೇ ಇಯತ್ತೆಗೆ ಬಿಟ್ಟವನು;
ಕನ್ನಡ ಅವನಿಗೆ ಮೊದಲು ಚಿತ್ರವಾಗಿ ಬಂದದ್ದು,
ಓದು ಆಮೇಲೆ.

ಸೋಮವಾರ ಮೇಡಂ ಬಂದರು.
ನೀಲಿಯೂ ಸರಿ, ಹಳದಿಯೂ ಸರಿ.
"ಹಕ್ಕಿ ಎಲ್ಲಿ, ಖಾಸಿಂಸಾಬ?"
ಮೂಲೆ ಖಾಲಿ.
ಅಬ್ಬಾ ಹಲ್ಲಿಗೆ ಬೀಡಿ ಕಚ್ಚಿ ಆಕಾಶ ನೋಡಿದ.
ಮೇಡಂ ಐವತ್ತು ಮುರಿದುಕೊಂಡೇ ಬಾಕಿ ಕೊಟ್ಟರು.

ಹಕ್ಕಿಯನ್ನು ಮೊದಲು ಕಂಡವನು
ಬೋರ್ಡು ಏರಿಸುವಾಗ ಏಣಿಯ ಬುಡದಲ್ಲಿದ್ದ ಮೂಗುಸುರುಕ ಪೋರ.
ಲಾರ್ಕಿನ ಕೊನೆಗೆ, ಅರ್ಕಾವೊತ್ತಿನ ಜಾಗದಲ್ಲಿ
ಬೂದಿ ತಲೆ, ಕರಿ ಎದೆ, ಮುಚ್ಚಿದ ರೆಕ್ಕೆ;
ಸಾಲಿಗೆ ಇನ್ನೊಂದೇ ಗೇಣು.

ಬಾಯಿಗೆ ಮೊದಲು ಬಂದು
ಕೈಗೆ ಕೊನೆಗಿಳಿಯುವ ಅಕ್ಷರ ಅದು.

ಈಗ ನಾನೂ ಮಕ್ಕಳಿಗೆ ಕಾಗುಣಿತ ತಿದ್ದಿಸುತ್ತೇನೆ.
ಕರಿಹಲಗೆಯ ಮೇಲೆ
'ಅರ್ಥ' ಎಂದು ಬರೆಯುವಾಗ
ಅ ಆಯಿತು, ಥ ಆಯಿತು,
ಸೀಮೆಸುಣ್ಣ ಒಂದು ಕ್ಷಣ ಗಾಳಿಯಲ್ಲೇ ನಿಲ್ಲುತ್ತದೆ.