ಕೊಸರು

ಹೇಗಿದ್ದೀರಿ ಎಂದು ಕೇಳಿದಳು.
ಚೆನ್ನಾಗಿದ್ದೇನೆ ಎಂದೆ.
ಬರೆದುಕೊಂಡಳು.

ಡುಲುತ್‌ನಲ್ಲಿ ಎಲ್ಲರೂ ಅನ್ನುವುದು ಹಾಗೇ,
ಹೆಣ ಹೊತ್ತು ನಡೆವಾಗಲೂ,
ಕಿವಿಯ ತುದಿ ಚಳಿಗೆ ಸತ್ತಿರುವಾಗಲೂ.
ಅಮ್ಮ ಕಲಿಸಿದ ಮರ್ಯಾದೆ ಅದು.
ಮೂರು ವಾರ ಕಳೆದು ಬಂದ ಕಾಗದದಲ್ಲಿ
ಅದೇ ಮಾತು, ದಪ್ಪಕ್ಷರದಲ್ಲಿ:
ಕ್ಲೇಮುದಾರ ಎಲ್ಮರ್ ರೌತಿಯೋ ತಾವು ಚೆನ್ನಾಗಿರುವುದಾಗಿ
ತಮ್ಮ ಬಾಯಿಂದಲೇ ತಿಳಿಸಿರುತ್ತಾರೆ.

ಜನವರಿಯ ಇಳಿಜಾರು, ಬೀದಿಗೆಲ್ಲ ಗಾಜು ಹೊದಿಸಿದ ಹಿಮ.
ಬ್ರೆಡ್ಡಿನ ವ್ಯಾನೊಂದು ಅಡ್ಡಡ್ಡ ಜಾರಿಕೊಂಡು,
ಏನೂ ಅವಸರವಿಲ್ಲದಂತೆ ಬಂದು
ನನ್ನ ಕಾರಿನ ಬಾಗಿಲನ್ನು ಒಳಕ್ಕೆ ತಳ್ಳಿತು.
ಎಲ್ಲೆಲ್ಲೂ ಬಿಸಿ ರೊಟ್ಟಿಯ ವಾಸನೆ.
ಬಲಗೈಯ ಮಣಿಕಟ್ಟು ಮಾತ್ರ
ದೂರದ ಕೋಣೆಯಲ್ಲಿ ತಂತಿ ಹರಿದ ಹಾಗೆ
ಟಿಣ್ ಎಂದಿತು.

ಮೂವತ್ತನಾಲ್ಕು ವರ್ಷ ಪಿಯಾನೋಗಳಿಗೆ
ಶ್ರುತಿ ಕೂಡಿಸಿದ ಮಣಿಕಟ್ಟು.
ಬಿರಡೆ ತಿರುಗಿಸುವುದು ಯಾರಿಗೂ ಬರುತ್ತದೆ;
ಕೂದಲೆಳೆ ಮೊದಲೇ ನಿಲ್ಲಿಸುವುದು
ಇದಕ್ಕೆ ಗೊತ್ತಿತ್ತು.
ಬ್ರೆಂಡಾ ಹ್ಯಾಲ್ವರ್ಸನ್ ಎಂದಳು:
"ಅರವತ್ತೊಂದರ ಕೈ ಸಾರ್, ಮೊದಲೇ ಸವೆದಿರುತ್ತೆ.
ಹಳೇ ಎಕ್ಸ್‌ರೇ ಒಂದು ಸಿಕ್ಕಿದೆ ನಮಗೆ."
ಸವೆದದ್ದು ನಿಜ.
ಸವೆಯದ್ದು ಏನಿದೆ ನಮ್ಮ ಮನೆಯಲ್ಲಿ?

ಮೊದಲ ಅಂಕಿ, ಏಳು ಸಾವಿರದ ಇನ್ನೂರು ಡಾಲರು.
ಆಸ್ಪತ್ರೆಯ ಬಿಲ್ಲೇ ಹನ್ನೊಂದು ಸಾವಿರ ದಾಟಿತ್ತು.
ಪಕ್ಕದ ಮನೆಯ ವರ್ನಾ, ಒಂದು ಕಾಲಕ್ಕೆ
ಮೀನಿನ ಹರಾಜಿನಲ್ಲಿ ಲೆಕ್ಕ ಬರೆದವಳು, ನಕ್ಕಳು:
"ಅದು ಬೆಲೆಯಲ್ಲ ಮಾರಾಯ, ನಮಸ್ಕಾರ.
ನೀನೂ ತಿರುಗಿ ಒಂದು ನಮಸ್ಕಾರ ಹಾಕು."
ಅವಳ ಅಡುಗೆಮನೆಯಲ್ಲಿ ಕೂತು ಎಡಗೈಯಲ್ಲಿ ಬರೆದೆ:
ಲೂಥರನ್ ಚರ್ಚು, ಈಸ್ಟರಿಗೆ ಬೇರೆಯವನು ಬಂದ.
ಶಾಲೆಯ ಏಳು ಪಿಯಾನೋ.
ಟೋರ್ಗರ್ಸನ್ ಅಜ್ಜಿ ಕೊಡುತ್ತಿದ್ದದ್ದು ದುಡ್ಡಲ್ಲ,
ಉಪ್ಪು ಹಾಕಿದ ಹೆರಿಂಗ್.
"ಹೆರಿಂಗಿಗೂ ದರ ಹಾಕು" ಎಂದಳು ವರ್ನಾ. ಹಾಕಿದೆ.
ನೋವು ಎಂದು ಬರೆದ ಸಾಲಿನಲ್ಲಿ
ಪೆನ್ಸಿಲು ಬಹಳ ಹೊತ್ತು ನಿಂತಿತು.
ಅಂಗಿಯ ಗುಂಡಿ ಬಿಚ್ಚಿಕೊಟ್ಟು, ಏನೂ ಹೇಳದೆ
ಹೆಂಡತಿ ಆ ಕಡೆ ಹೊರಳಿದ ರಾತ್ರಿಗೆ
ಎಷ್ಟು?
ಒಟ್ಟು ಮೂವತ್ತೆಂಟು ಸಾವಿರ ಎಂದು ಬರೆದು
ಅಂಚೆಗೆ ಹಾಕಿದೆವು.

ಫೋನಿಗೆ ಮುಖವಿಲ್ಲ. ನನಗದೇ ಅನುಕೂಲ,
ಕಿವಿಯಿಂದ ಬದುಕಿದವನು.
"ಹದಿನೆಂಟು. ಇದೇ ಕೊನೆ" ಎಂದಾಗ
ಆ 'ಕೊನೆ'ಯ ಮೇಲೆ ಅವಳ ದನಿ ತುಸುವೇ ಏರಿತು.
ಈ ಬಿರಡೆ ಸಡಿಲ, ನಿಲ್ಲುವುದಿಲ್ಲ.
ಸುಮ್ಮನಾದೆ.
ಎರಡು ತಂತಿ ಒಂದಕ್ಕೊಂದು ಸೇರದಿದ್ದರೆ
ನಡುವೆ ಒಂದು ಅಲೆ ಏಳುತ್ತದೆ, ವ್ಹೊಂ, ವ್ಹೊಂ.
ಅದನ್ನು ಎಣಿಸುವುದೇ ನನ್ನ ಕಸುಬು.
ಎಂಟು. ಒಂಬತ್ತು. ಹತ್ತು.
ಇಷ್ಟು ದಿನ ಅಡ್ಡಗೋಡೆಯ ಮೇಲೆ ದೀಪ ಇಟ್ಟವಳು
ದೀಪ ಕೆಳಗಿಳಿಸಿ
"ಮ್ಯಾನೇಜರನ್ನು ಕೇಳಿ ನೋಡ್ತೀನಿ" ಎಂದಳು.

ಇಪ್ಪತ್ತನಾಲ್ಕಕ್ಕೆ ಬಂದಳು. ಕೊಸರಾಡಿದೆ.
ಏಳುನೂರೈವತ್ತು ಕೊಸರು ಹಾಕಿದಳು,
ಸೊಪ್ಪಿನವಳು ಕೊತ್ತಂಬರಿ ಕಡ್ಡಿ ಎಸೆದ ಹಾಗೆ.

ಪಿಯಾನೋದಲ್ಲಿ ಶುದ್ಧ ಪಂಚಮ ಎಂಬುದಿಲ್ಲ.
ಒಂದೊಂದನ್ನೂ ಚೂರು ಚೂರು ಕೆಡಿಸಿದರೇ
ಹನ್ನೆರಡು ಸ್ವರ ಒಂದು ಮನೆಯಲ್ಲಿ ಬಾಳುವುದು.
ಊರಿಗೆಲ್ಲ ಇದನ್ನು ಹೇಳಿಕೊಂಡು ತಿರುಗಿದವನಿಗೆ
ಸಹಿ ಹಾಕುವಾಗ ಅದು ನೆನಪಾಗಲಿಲ್ಲ.
ಈಗ ಗೊತ್ತಿರುವ, ಮುಂದೆ ಗೊತ್ತಾಗಲಿರುವ
ಯಾವ ನೋವಿಗೂ ಇನ್ನು ತಕರಾರಿಲ್ಲ
ಎಂಬ ಸಾಲಿನ ಕೆಳಗೆ
ಪೆನ್ನು ನಡುಗಿತು. ನನ್ನದೇ ಸಹಿ
ಯಾರೋ ನಕಲು ಮಾಡಿದಂತಿತ್ತು.

ಚೆಕ್ಕು ಬಂದ ನಾಲ್ಕನೇ ದಿನ ಮತ್ತೆ ಅವಳ ಫೋನು.
"ಇದು ರೆಕಾರ್ಡ್ ಆಗ್ತಿಲ್ಲ ಸಾರ್.
ನಮ್ಮಮ್ಮನ ಪಿಯಾನೋ ಒಂದಿದೆ.
ಅವರು ಹೋದಮೇಲೆ ಗರಾಜಿನಲ್ಲಿ ಬಿದ್ದಿದೆ.
ನಡುವಿನ ಒಂದು ಮನೆ, ಒತ್ತಿದರೆ ಮೇಲೇಳೋದೇ ಇಲ್ಲ.
ಅಂದಾಜು ಎಷ್ಟಾಗಬಹುದು?"

ಸುಮ್ಮನಿದ್ದೆ, ಈ ಸಲ ಎಣಿಸದೆ.

"ನೋಡದೆ, ಮುಟ್ಟದೆ
ಹೇಳೋದು ಹೇಗೆ, ಬ್ರೆಂಡಾ?"

ಹರ್ಮನ್‌ಟೌನ್, ಗುಡ್ಡ ಹತ್ತಿದ ಮೇಲೆ ಎಡಕ್ಕೆ,
ನೀಲಿ ಗರಾಜು.
ವಿಳಾಸ ಬರೆದುಕೊಂಡೆ,
ಎಡಗೈಯಲ್ಲಿ.